ತಕ್ಕಡಿ, ಗೊಬ್ಬರ ಮತ್ತು ಸೀದಿ ಬೂಝಿದ್

ಟ್ಯುನೀಸಿಯಾದ ಒಳನಾಡಿನ ಊರು ಸೀದಿ ಬೂಝಿದ್‌ಗೆ ಹೋಗುತ್ತೇನೆ ಎಂದಾಗ ತಮ್ಮನ ಮನೆಯಲ್ಲಿ ಯಾರಿಗೂ ಸರಿಬರಲಿಲ್ಲ. "ಅಕ್ಕಾ, ಅಲ್ಲಿ ನೋಡೂದು ಏನೈತಿ? ಜೆರ್ಬಾಕ್ಕ ಹೋಗು, ಸಮುದ್ರ ಐತಿ" ಎಂದ ತಮ್ಮ. ಅವನು ಟ್ಯುನೀಸಿಯಾದ ಸ್ಕಿರಾದಲ್ಲಿ, ರಸಗೊಬ್ಬರಕ್ಕೆ ಬೇಕಾದ ಫಾಸ್ಫಾರಿಕ್ ಆಮ್ಲ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮನೆ ಸ್ಫಾಕ್ಸ್ ಪಟ್ಟಣದಲ್ಲಿ. ಹದಿನೈದು ದಿನಗಳಲ್ಲಿ ಎಲ್ ಜೆಮ್‌ನ ರೋಮನ್ ರಂಗಮಂದಿರ ನೋಡಿದೆ, ಕೈರುವಾನ್ ಮಸೀದಿ ನೋಡಿದೆ, ರಾಜಧಾನಿಯ ಪಕ್ಕದ ಸೀದಿ ಬೂ ಸಯೀದ್‌ನಲ್ಲಿ ಅರ್ಧ ದಿನ ಕಳೆದೆ. ನೀಲಿ ಬಾಗಿಲು, ಬಿಳಿ ಗೋಡೆಗಳ ಆ ಊರನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹಿಡಿಸಲಿಲ್ಲ, ಅಲ್ಲಿ ಬದುಕುವವರಿಗಿಂತ ಫೋಟೊ ತೆಗೆಯುವವರೇ ಹೆಚ್ಚು. ಬರೆಯಲೇಬೇಕು ಅನ್ನಿಸಿದ್ದು 2023ರ ಡಿಸೆಂಬರ್‌ನ ಒಂದು ಬುಧವಾರದ ಬಗ್ಗೆ ಮಾತ್ರ.

ನನ್ನವ್ವ ಬ್ಯಾಡಗಿ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ಕೈಗಾಡಿಯ ಮೇಲೆ ಕಾಯಿಪಲ್ಲೆ ಮಾರುತ್ತಿದ್ದಳು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಒಂದು ಮುಂಜಾನೆ ಅವಳ ತಕ್ಕಡಿಯನ್ನು ಎತ್ತಿಕೊಂಡು ಹೋದರು. ಒಂಬತ್ತು ದಿನ ಅಲೆದ ಮೇಲೆ ಮರಳಿ ಸಿಕ್ಕಿತು, ಅರ್ಧ ಕಿಲೋದ ತೂಕದ ಕಲ್ಲು ಮಾತ್ರ ಸಿಗಲಿಲ್ಲ. 2011ರ ಜನವರಿಯಲ್ಲಿ ಟಿ.ವಿ.ಯಲ್ಲಿ ಟ್ಯುನೀಸಿಯಾದ ಸುದ್ದಿ ಬರುವಾಗ ಅವ್ವ ಇನ್ನೂ ಇದ್ದಳು. ಮೊಹಮ್ಮದ್ ಬುಅಝೀಝಿ ಎಂಬ 26 ವರ್ಷದ ಹುಡುಗ ಸೀದಿ ಬೂಝಿದ್‌ನಲ್ಲಿ ತಳ್ಳುಗಾಡಿಯ ಮೇಲೆ ಹಣ್ಣು, ತರಕಾರಿ ಮಾರುತ್ತಿದ್ದ. 2010ರ ಡಿಸೆಂಬರ್ 17ರಂದು ಅವನ ತಕ್ಕಡಿ, ಮಾಲು ಕಸಿದರು. ಕೇಳಲು ಹೋದರೆ ಜಿಲ್ಲೆಯ ಗವರ್ನರ್ ಕಚೇರಿಯಲ್ಲಿ ಯಾರೂ ಅವನನ್ನು ಭೇಟಿಯಾಗಲಿಲ್ಲ. ಆ ಕಚೇರಿಯ ಮುಂದೆಯೇ ಮೈಗೆ ಬೆಂಕಿ ಹಚ್ಚಿಕೊಂಡ. ಜನವರಿ 4ಕ್ಕೆ ತೀರಿಕೊಂಡ. ಹತ್ತು ದಿನ ಕಳೆಯುವುದರೊಳಗೆ, 23 ವರ್ಷ ಆಳಿದ ಬೆನ್ ಅಲಿ ದೇಶ ಬಿಟ್ಟು ಓಡಿಹೋದ. ಅಧಿಕಾರಿಯೊಬ್ಬಳು ಹುಡುಗನ ಕಪಾಳಕ್ಕೆ ಹೊಡೆದಳು ಎಂಬ ಮಾತು ಆಗ ಜಗತ್ತೆಲ್ಲ ಹರಡಿತ್ತು. ನ್ಯಾಯಾಲಯ ಆಕೆಯ ಮೇಲಿನ ಮೊಕದ್ದಮೆಯನ್ನು ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಅವ್ವ ಆ ಕಪಾಳದ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಪಾಪ ಕೂಸು. ಅಷ್ಟೊತ್ತು ನಿಂತ್ರೂ ಒಬ್ಬರೂ ಮಾತಾಡಸಲಿಲ್ಲೇನ?" ಎಂದಳು. ಆ ಊರನ್ನು ಒಮ್ಮೆ ನೋಡಬೇಕು ಎಂದು ನಾನು ಅವತ್ತೇ ಅಂದುಕೊಂಡಿದ್ದೆ.

ತಮ್ಮನ ಸಹೋದ್ಯೋಗಿಯೊಬ್ಬರ ತಂಗಿ ಜೊತೆಗೆ ಬರಲು ಒಪ್ಪಿದಳು. 31 ವರ್ಷ, ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಕೆಲಸವಿಲ್ಲ. ಮಕ್ಕಳಿಗೆ ಮನೆಪಾಠ ಹೇಳುತ್ತಾಳೆ. ಇಲ್ಲಿ ಅವಳನ್ನು ತಂಗಿ ಎಂದೇ ಕರೆಯುತ್ತೇನೆ.

ಲುವಾಜ್ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಆ ಸಂಕಟ ಇನ್ನೂ ಇಳಿದಿಲ್ಲ. ಊರಿಂದ ಊರಿಗೆ ಓಡುವ ವ್ಯಾನಿಗೆ ಅಲ್ಲಿ ಲುವಾಜ್ ಎನ್ನುತ್ತಾರೆ. ಬಿಳಿ ಗಾಡಿ, ದೂರದ ಊರಿಗೆ ಹೋಗುವುದಕ್ಕೆ ಕೆಂಪು ಪಟ್ಟೆ. ಎಂಟು ಸೀಟು ತುಂಬದೆ ಹೊರಡುವುದಿಲ್ಲ. ನಾವು ಉಪಾಹಾರ ಮುಗಿಸಿ ಹತ್ತು ಗಂಟೆಗೆ ನಿಲ್ದಾಣಕ್ಕೆ ಹೋದೆವು. ಆರು ಮಂದಿ ಆದೆವು, ಉಳಿದ ಇಬ್ಬರಿಗಾಗಿ ಎರಡು ಗಂಟೆಗೂ ಹೆಚ್ಚು ಹೊತ್ತು ಕಾದೆವು. ಆ ಎರಡು ಸೀಟಿನ ದುಡ್ಡು ನಾವೇ ಕೊಟ್ಟಿದ್ದರೆ ಗಾಡಿ ಆಗಲೇ ಹೊರಡುತ್ತಿತ್ತು ಎಂದು ಚಾಲಕ ಹೇಳಿದ್ದು ದಾರಿಯಲ್ಲಿ! ಹೋಗುವವರು ಬೆಳಿಗ್ಗೆ ಏಳರೊಳಗೆ ನಿಲ್ದಾಣದಲ್ಲಿರಿ. ಮರಳುವ ಕೊನೆಯ ಗಾಡಿ ಎಷ್ಟು ಹೊತ್ತಿಗೆ ಎಂದು ಇಳಿದ ಕೂಡಲೇ ವಿಚಾರಿಸಿ. ಇಷ್ಟು ವರ್ಷ ಕಾದಿದ್ದ ಊರಿನಲ್ಲಿ ನನಗೆ ಸಿಕ್ಕಿದ್ದು ಮೂರೇ ಗಂಟೆ.

ಸ್ಫಾಕ್ಸ್ ದಾಟಿದರೆ ಕಣ್ಣು ಹಾಯುವವರೆಗೂ ಆಲಿವ್ ಮರಗಳ ಸಾಲು. ಕೊಯ್ಲಿನ ಕಾಲ. ಮರದಡಿ ಬಲೆ ಹಾಸಿ ಹೆಂಗಸರು ಕಾಯಿ ಉದುರಿಸುತ್ತಿದ್ದರು. ಮುಂದೆ ಬಾದಾಮಿ, ಮೆಣಸಿನಕಾಯಿ, ಟೊಮ್ಯಾಟೊ ಹೊಲಗಳು. ಹೊಲ ನೋಡಿ ಇದನ್ನು ಬಡ ಜಿಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ. "ಇಲ್ಲಿ ಬೆಳೆಯುತ್ತದೆ, ದುಡ್ಡು ಕರಾವಳಿಯಲ್ಲಿ ಹುಟ್ಟುತ್ತದೆ" ಎಂದಳು ತಂಗಿ. ಮೊದಲ ಅಧ್ಯಕ್ಷ ಬೂರ್ಗಿಬಾ ಕಾಲದಿಂದ ಬೆನ್ ಅಲಿ ಕಾಲದವರೆಗೆ ಕಾರ್ಖಾನೆ, ಹೋಟೆಲು, ಒಳ್ಳೆಯ ಆಸ್ಪತ್ರೆಗಳೆಲ್ಲ ಬಹುಪಾಲು ಸಮುದ್ರದ ಅಂಚಿಗೇ ಹೋದವು. ಸೀದಿ ಬೂಝಿದ್, ಕಸ್ಸೆರೀನ್, ಗಫ್ಸಾದಂಥ ಒಳನಾಡು ಹಾಗೇ ಉಳಿಯಿತು.

ಊರಿನ ನಡುವಿನ ಅಂಚೆ ಕಚೇರಿಯ ಗೋಡೆಯ ಮೇಲೆ ಬುಅಝೀಝಿಯ ದೊಡ್ಡ ಚಿತ್ರವಿದೆ. ಹತ್ತಿರದಲ್ಲೇ ಅವನ ಗಾಡಿಯ ನೆನಪಿಗೆ ಕಲ್ಲಿನ ಗಾಡಿ. ಮುಖ್ಯ ರಸ್ತೆಗೂ ಅವನದೇ ಹೆಸರು. ಕಲ್ಲಿನ ಗಾಡಿಯ ಪಕ್ಕ ನಿಂತಾಗ ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಅಲ್ಲಿಂದ ಗವರ್ನರ್ ಕಚೇರಿಯ ಗೇಟಿನವರೆಗೆ ನಡೆದು ಹೋದೆ. ಎಷ್ಟು ಹತ್ತಿರ! ಒಬ್ಬರು ಹೊರಗೆ ಬಂದು "ಏನಪ್ಪಾ" ಎಂದು ಕೇಳಲು ಬೇಕಿದ್ದದ್ದು ಒಂದು ನಿಮಿಷ. ಗೇಟಿನ ಸರಳು ನೋಡುತ್ತ ನಿಂತಾಗ ಕಣ್ಣು ತುಂಬಿತು.

ತರಕಾರಿ ಮಾರುವ ಬೀದಿಗೆ ಹೋಗುವ ಮೊದಲು ತಂಗಿ ನನ್ನನ್ನು ನಿಲ್ಲಿಸಿದಳು. ಯಾರ ಹೆಸರೂ ಕೇಳಬೇಡಿ, ಫೋನಿನಲ್ಲಿ ಮಾತು ಹಿಡಿಯಬೇಡಿ ಎಂದಳು. 2022ರ ಸೆಪ್ಟೆಂಬರ್‌ನಲ್ಲಿ ಹೊರಟ 54ನೇ ಆದೇಶದ ಪ್ರಕಾರ ಸುಳ್ಳು ಸುದ್ದಿ ಹರಡಿದ ಆರೋಪ ಸಾಬೀತಾದರೆ ಐದು ವರ್ಷದವರೆಗೆ ಜೈಲು. ಸುಳ್ಳು ಯಾವುದು ಎಂದು ಹೇಳುವವರು ಸರಕಾರದವರೇ. 2011ರ ಜನವರಿ 12ರಂದು ಸ್ಫಾಕ್ಸ್‌ನಲ್ಲಿ ಕಾರ್ಮಿಕ ಸಂಘ ಕರೆ ಕೊಟ್ಟ ಮುಷ್ಕರದ ಮೆರವಣಿಗೆಯಲ್ಲಿ, ಹದಿನೆಂಟರ ಹುಡುಗಿಯಾಗಿ, ಅಪ್ಪನ ಕೈ ಹಿಡಿದು ಕೂಗಿದವಳು ಇವಳು. "ಶುಗ್ಲ್, ಹುರ್ರಿಯಾ, ಕರಾಮಾ ವತನಿಯಾ": ಕೆಲಸ, ಸ್ವಾತಂತ್ರ್ಯ, ನಾಡಿನ ಮಾನ. ಈಗ ಧ್ವನಿ ತಗ್ಗಿಸಿ ನನಗೆ ಎಚ್ಚರಿಕೆ ಹೇಳುತ್ತಿದ್ದಳು.

ವ್ಯಾಪಾರಿಗೆ ಐವತ್ತರ ಆಸುಪಾಸು. ಟೊಮ್ಯಾಟೊ, ಕಿತ್ತಳೆ, ಹಸಿಮೆಣಸಿನಕಾಯಿ ಇಟ್ಟುಕೊಂಡಿದ್ದ. ನಾನು ಬುಅಝೀಝಿ ಎನ್ನುತ್ತಲೂ ಮುಖ ತಿರುಗಿಸಿದ. ಬಂದವರೆಲ್ಲ ಅದನ್ನೇ ಕೇಳುತ್ತಾರೆ, ಅವನ ಪರಿಚಯ ನನಗಿರಲಿಲ್ಲ ಎಂದ. ಆಗ ನಾನು ಅವ್ವನ ತಕ್ಕಡಿಯ ಕಥೆ ಹೇಳಿದೆ. ತಂಗಿ ಅನುವಾದಿಸುತ್ತಿದ್ದ ಹಾಗೆ ಅವನು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಅರ್ಧ ಕಿಲೋದ ಕಲ್ಲು ಇಲ್ಲದೆ ಹೇಗೆ ತೂಗಿದಳು?"

"ಕಾಲು ಕಿಲೋದ ಕಲ್ಲು ಇಟ್ಟು ಎರಡೆರಡು ಸಲ."

ಅವನು ತಲೆಯಾಡಿಸಿದ. ಆ ತೊಂದರೆ ಎಷ್ಟು ಎಂದು ಅವನಿಗೆ ಗೊತ್ತಿತ್ತು. ಕೂರಲು ಒಂದು ಖಾಲಿ ಪೆಟ್ಟಿಗೆ ಮಗುಚಿ ಹಾಕಿದ.

ಕ್ರಾಂತಿಯಿಂದ ಏನು ಬಂತು ಎಂದು ಕೇಳಿದೆ. "ಬಾಯಿ ಬಂತು" ಎಂದ. 2011ರ ನಂತರ ಅಧಿಕಾರಿಯ ಎದುರು ನಿಂತು ಕೂಗಬಹುದಿತ್ತು, ಮಂತ್ರಿಯನ್ನು ಹೆಸರು ಹಿಡಿದು ಬಯ್ಯಬಹುದಿತ್ತು. ಪರವಾನಗಿಯ ಕಾಗದ ಮಾತ್ರ ಕೈಗೆ ಬರಲಿಲ್ಲ. ಈಗ ಬಾಯಿಯೂ ಹೋಗುತ್ತಿದೆ. ಆಮೇಲೆ ಒಂದು ಮಾತು ಹೇಳಿದ: "ಹೊಗ್ರಾ". ಅದನ್ನು ಇಂಗ್ಲಿಷಿಗೆ ತರಲು ತಂಗಿ ಒದ್ದಾಡಿದಳು. ಅಧಿಕಾರದಲ್ಲಿರುವವನು ಬಡವನನ್ನು ಲೆಕ್ಕಕ್ಕೇ ಹಿಡಿಯದಿರುವುದು, ಮೇಲಾಗಿ ತುಳಿಯುವುದು. ನಮ್ಮಲ್ಲಿ ತಾತ್ಸಾರ ಎನ್ನುತ್ತೇವೆ, ಆದರೆ ಅದರಲ್ಲಿ ತುಳಿತ ಇಲ್ಲ. ಅವ್ವ ಇದ್ದಿದ್ದರೆ "ಕಾಲಾಗಿನ ಕಸ ಮಾಡೂದು" ಅನ್ನುತ್ತಿದ್ದಳು. ಅದೇ ಹತ್ತಿರ.

ನಮ್ಮಲ್ಲಿ ಏನು ವ್ಯವಸ್ಥೆ ಎಂದು ಅವನು ಕೇಳಿದ. 2014ರಲ್ಲಿ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದಿದೆ, ಜಪ್ತು ಮಾಡಿದ ಹಣ್ಣು, ತರಕಾರಿಯನ್ನು ಕೇಳಿದ ದಿನವೇ, ತಕ್ಕಡಿಯಂಥ ವಸ್ತುವನ್ನು ಎರಡು ಕೆಲಸದ ದಿನಗಳಲ್ಲಿ ಮರಳಿ ಕೊಡಬೇಕು ಎಂದು ಅದರಲ್ಲೇ ಬರೆದಿದೆ ಎಂದೆ. "ಎರಡು ದಿನ? ಕಾನೂನಿನಲ್ಲಿ?" ಎಂದು ತಂಗಿಯನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಎಲ್ಲ ಕಡೆ ಹಾಗೆ ನಡೆಯುವುದಿಲ್ಲ ಎಂದೂ ಹೇಳಿದೆ. ಅದಕ್ಕೆ ಅವನು ಬೆರಗಾಗಲಿಲ್ಲ.

2014 ಅವರಿಗೂ ದೊಡ್ಡ ವರ್ಷವೇ. ಆ ಜನವರಿಯಲ್ಲಿ ಹೊಸ ಸಂವಿಧಾನ ಬಂತು. ಪ್ರದೇಶಗಳ ನಡುವೆ ಸಮತೋಲನ ತರಲು ಸರಕಾರ ಯತ್ನಿಸಬೇಕು ಎಂದು ಅದರಲ್ಲಿ ಬರೆದರು. ಮರುವರ್ಷ ಅಲ್ಲಿನ ನಾಲ್ಕು ಸಂಘಟನೆಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಒಂದೊಂದು ಸಾಲಿಗೂ ವಾರಗಟ್ಟಲೆ ವಾದ ಮಾಡಿ ಬರೆದ ಆ ಸಂವಿಧಾನದ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ತಕ್ಕಡಿಯ ಮಾತು ಯಾವ ಸರಕಾರದ ಪಟ್ಟಿಯಲ್ಲೂ ಮೇಲೆ ಬರಲಿಲ್ಲ.

ಅಷ್ಟರಲ್ಲಿ ಅವನು ಇನ್ನೊಂದು ಪ್ರಶ್ನೆ ಹಾಕಿದ. "ನಿಮ್ಮ ದೇಶದಲ್ಲಿ ಕೇಳಿದವರ ಮೇಲೆ ಗುಂಡು ಹಾರಿಸುವುದಿಲ್ಲವೇ?"

ಕಾರಣವಿತ್ತು. ಅವನ ಹೆಂಡತಿಯ ತವರು ರೆದೆಯೆಫ್, ಗಫ್ಸಾ ಕಡೆಯ ಫಾಸ್ಫೇಟ್ ಗಣಿಯ ಊರು. ಜಗತ್ತು 2010 ಎನ್ನುತ್ತದೆ, ಶುರುವಾದದ್ದು ಅಲ್ಲಿ, 2008ರಲ್ಲಿ ಎಂದ. ಆ ಜನವರಿಯಲ್ಲಿ ಗಣಿಯ ನೇಮಕಾತಿ ಪಟ್ಟಿ ಬಂತು. ಕೆಲಸವನ್ನೆಲ್ಲ ತಮ್ಮವರಿಗೇ ಹಂಚಿದ್ದಾರೆ ಎಂದು ಊರೇ ಎದ್ದಿತು. ಆರು ತಿಂಗಳು ಧರಣಿ ನಡೆಯಿತು, ಹೆಂಗಸರು ಡೇರೆ ಹಾಕಿ ಕೂತರು. ಜೂನ್ 6ರಂದು ಪೊಲೀಸರು ಗುಂಡು ಹಾರಿಸಿದರು. ಒಬ್ಬ ಯುವಕ ಸತ್ತ, ಹಲವರು ಗಾಯಗೊಂಡರು.

ತಂಗಿ ಆ ದಿನಾಂಕವನ್ನು ಇಂಗ್ಲಿಷಿನಲ್ಲಿ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಹಾವೇರಿಯಲ್ಲಿ ಗೊಬ್ಬರ ಕೇಳಲು ಬೀದಿಗಿಳಿದ ರೈತರ ಮೇಲೆ ಗುಂಡು ಹಾರಿದ್ದು 2008ರ ಜೂನ್ 10ರಂದು. ನಾಲ್ಕೇ ದಿನದ ಅಂತರ. ಮುಂಗಾರು ಬಂದಿತ್ತು, ಬಿತ್ತನೆಗೆ ಗೊಬ್ಬರ ಇರಲಿಲ್ಲ, ಅಂಗಡಿಗಳ ಮುಂದೆ ಮೈಲುದ್ದದ ಸರದಿ. ಒಬ್ಬ ರೈತ ಆ ದಿನವೇ ಸತ್ತ, ಇನ್ನೊಬ್ಬ ಆಮೇಲೆ. ನಮ್ಮ ಓಣಿಯಲ್ಲಿ ಮೂರು ದಿನ ಯಾರ ಮನೆಯಲ್ಲೂ ಜೋರಾಗಿ ಮಾತಿರಲಿಲ್ಲ.

ಅದನ್ನು ಹೇಗೋ ಹೇಳಿ ಮುಗಿಸಿದೆ. ಗಫ್ಸಾದ ಕಲ್ಲಿನಿಂದ ಆಮ್ಲ ಮಾಡುತ್ತಾರೆ, ಹಡಗಿನಲ್ಲಿ ಭಾರತಕ್ಕೆ ಕಳಿಸುತ್ತಾರೆ, ಅದರಿಂದ ಡಿಎಪಿ ಗೊಬ್ಬರ ಆಗುತ್ತದೆ, ನನ್ನ ತಮ್ಮ ಅಂಥ ಕಾರ್ಖಾನೆಯಲ್ಲೇ ಇದ್ದಾನೆ ಎಂದೂ ಹೇಳಿದೆ. ಅವನು ಬಹಳ ಹೊತ್ತು ಕಿತ್ತಳೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಆಮೇಲೆ ಎಂದ: "ಅಗೆಯುವ ಕೆಲಸ ಕೊಡಿ ಎಂದು ನಾವು ಕೇಳಿದೆವು. ಅಗೆದದ್ದನ್ನು ಕೊಡಿ ಎಂದು ನೀವು ಕೇಳಿದಿರಿ."

ಹಸಿವಾಗಿತ್ತು. ಪಕ್ಕದ ಅಂಗಡಿಯಲ್ಲಿ ಲಬ್ಲಾಬಿ ತಿಂದೆವು, ಒಣ ರೊಟ್ಟಿಯ ತುಂಡುಗಳ ಮೇಲೆ ಬೇಯಿಸಿದ ಕಡಲೆ, ಸಾರು, ಜೀರಿಗೆ, ಹರಿಸ್ಸಾ. ಸಸ್ಯಾಹಾರಿಗಳು ಮೀನು, ಮೊಟ್ಟೆ ಬೇಡ ಎಂದು ಮೊದಲೇ ಹೇಳಬೇಕು, ಇಲ್ಲವಾದರೆ ಕೇಳದೆಯೇ ಮೇಲೆ ಹಾಕುತ್ತಾರೆ. ಹರಿಸ್ಸಾ ಎಂದರೆ ಅವರ ಕೆಂಪು ಚಟ್ನಿ. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯವಳಾಗಿ ಹೇಳುತ್ತೇನೆ, ಅದರ ರುಚಿಗೆ ಕೈಮುಗಿಯಬೇಕು. ಸಬ್ಸಿಡಿಯ ಉದ್ದ ಬ್ರೆಡ್ಡಿಗೆ ಆಗ 190 ಮಿಲಿಮ್ ಇತ್ತು, ನಮ್ಮ ಲೆಕ್ಕದಲ್ಲಿ ಸುಮಾರು ಐದು ರೂಪಾಯಿ. 1984ರ ಜನವರಿಯಲ್ಲಿ ಬ್ರೆಡ್ಡಿನ ಬೆಲೆ ದುಪ್ಪಟ್ಟಾದಾಗ ದೇಶ ಹೊತ್ತಿ ಉರಿದು ಬೂರ್ಗಿಬಾ ಆಜ್ಞೆಯನ್ನು ವಾಪಸು ಪಡೆಯಬೇಕಾಯಿತು. ಅಂದಿನಿಂದ ಅದರ ಬೆಲೆ ಮುಟ್ಟಲು ಎಲ್ಲರಿಗೂ ಹೆದರಿಕೆ. ಬೆಲೆ ಏರದಿದ್ದರೂ ಬ್ರೆಡ್ಡು ಸಿಗುತ್ತಿರಲಿಲ್ಲ. 2023ರ ಬೇಸಿಗೆಯಲ್ಲಿ ಬೇಕರಿಗಳ ಮುಂದೆ ಗಂಟೆಗಟ್ಟಲೆ ಸರದಿ ಇತ್ತಂತೆ.

ಮರಳುವ ಲುವಾಜ್ ಬೇಗ ತುಂಬಿತು. ಕತ್ತಲಲ್ಲಿ ತಂಗಿ ಇನ್ನೊಂದು ಪದ ಕಲಿಸಿದಳು: ಹರ್ಗಾ. ಸುಡುವುದು ಎಂದು ಅರ್ಥ. ದೋಣಿ ಹತ್ತಿ ಕದ್ದು ಯುರೋಪಿಗೆ ಹೋಗುವುದಕ್ಕೂ ಅದೇ ಪದ, ಗಡಿಯನ್ನು ಸುಟ್ಟು ದಾಟುವುದು. ಅವಳ ತರಗತಿಯ ನಾಲ್ವರು ಹೋಗಿದ್ದಾರೆ, ಒಬ್ಬ ತಲುಪಲಿಲ್ಲ. 2023ರ ಜುಲೈನಲ್ಲಿ ಯುರೋಪಿನ ಒಕ್ಕೂಟ ಟ್ಯುನೀಸಿಯಾದ ಜೊತೆ ಒಪ್ಪಂದ ಮಾಡಿಕೊಂಡು, ವಲಸೆ ತಡೆಯಲು, ಗಡಿ ಕಾಯಲು 105 ಮಿಲಿಯನ್ ಯುರೋ ಕೊಡುವುದಾಗಿ ಹೇಳಿತ್ತು. 900 ಮಿಲಿಯನ್ ಯುರೋ ಸಾಲದ ಮಾತೂ ಇತ್ತು, ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಒಪ್ಪಂದಕ್ಕೆ ಗಂಟುಬಿದ್ದಿತ್ತು. ಕಾವಲಿಗೆ ದುಡ್ಡು ಮೊದಲು, ಕೆಲಸಕ್ಕೆ ಷರತ್ತು. ಕ್ರಾಂತಿಯ ನಂತರ ಬಂದ ಸರಕಾರಗಳೂ ಹಾಗೇ ನಡೆದುಕೊಂಡವು. ರಾಜಧಾನಿಯ ಅಧಿಕಾರದ ಲೆಕ್ಕ ಮೊದಲು, ಸಾಲಗಾರರ ಲೆಕ್ಕ ಆಮೇಲೆ, ಒಳನಾಡು ಕೊನೆಗೆ. ಇದನ್ನು ನೋಡಿಯೂ "ಅರಬರಿಗೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ" ಎನ್ನುವವರನ್ನು ನಮ್ಮ ಟಿ.ವಿ.ಯಲ್ಲೂ ಕೇಳಿದ್ದೇನೆ. ಆ ಮಾತು ಸುಳ್ಳು, ಕ್ರೂರ ಕೂಡ. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತು ಮಾಡಿದಾಗ ಬೀದಿಯಲ್ಲಿ ಜನ ಕುಣಿದದ್ದು ಸ್ವಾತಂತ್ರ್ಯ ಬೇಡವಾಗಿ ಅಲ್ಲ, ಹತ್ತು ವರ್ಷ ಕಾದು ಬೇಸತ್ತು. ಆದರೂ ಆ ಕುಣಿತ ತಪ್ಪು ಎಂದೇ ನನ್ನ ಅಭಿಪ್ರಾಯ. ಕಾಗದವೂ ಬರಲಿಲ್ಲ, ಬಾಯಿಯೂ ಹೋಯಿತು. 2022ರ ಡಿಸೆಂಬರ್‌ನ ಸಂಸತ್ ಚುನಾವಣೆಯಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 11 ಮಂದಿ.

ನಾವು ಹೋದ ಆ ವಾರ ಸ್ಥಳೀಯ ಚುನಾವಣೆ ಹತ್ತಿರವಿತ್ತು. ಮತ ಹಾಕು ಎಂದು ತಂಗಿಗೆ ಹೇಳಿದೆ, ಒತ್ತಾಯಿಸಿಯೇ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ರಾತ್ರಿ ಊಟಕ್ಕೆ ಕೂತಾಗ ತಮ್ಮನಿಗೆ ಎರಡು ದಿನಾಂಕ ಹೇಳಿದೆ. 2008ರ ಜೂನ್‌ನಲ್ಲಿ ಅವನು ಹಾವೇರಿಯಲ್ಲೇ ಓದುತ್ತಿದ್ದ. ತುತ್ತು ಕೈಯಲ್ಲೇ ಉಳಿಯಿತು. ಎದ್ದು ಎಡಗೈಯಲ್ಲಿ ಫೋನ್ ತಂದು ನಕಾಶೆಯಲ್ಲಿ ರೆದೆಯೆಫ್ ಹುಡುಕಿದ, ದೊಡ್ಡದು ಮಾಡಿ ನೋಡಿದ.

"ಅಕ್ಕಾ, ನಮ್ಮ ಕಲ್ಲು ಈ ಕಡಿಯಿಂದನ ಬರ್ತೈತಿ" ಎಂದ.