ಜಿಪ್ಸಿ ನೋಡಲು ಹೋದರೆ ಮೊದಲು ಅದರ ಕೆಳಗೆ ಮಲಗಿ

ಹೋದ ತಿಂಗಳು ಭಾವಮೈದನ ಜೊತೆ ಮೂಡಿಗೆರೆ ಕಡೆ ಒಂದು ತೋಟಕ್ಕೆ ಹಳೇ ಮಾರುತಿ ಜಿಪ್ಸಿ, ಅದೇ ನಾಲ್ಕೂ ಚಕ್ರ ಎಳೆಯುವ ಜೀಪಿನಂಥ ಗಾಡಿ, ಕೊಳ್ಳೋಣ ಅಂತ ನೋಡಲು ಹೋಗಿದ್ದೆ. 2008ರ ಗಾಡಿ, 1.3 ಲೀಟರ್ ಪೆಟ್ರೋಲ್. ಹೊಸ ಪೇಂಟ್, ದೊಡ್ಡ ಮಡ್ ಟೈರ್, ಮುಂದೆ ವಿಂಚ್. ಅವನು ನೇರ ಹೋಗಿ ಬಾನೆಟ್ ಎತ್ತಿದ. ನಾನು ಗೋಣಿಚೀಲ ಹಾಸಿಕೊಂಡು ಗಾಡಿ ಕೆಳಗೆ ಹೋದೆ.

"ಭಾವ, ಎಂಜಿನ್ ಎಷ್ಟು ನೀಟಾಗಿದೆ ನೋಡಿ ಬನ್ನಿ" ಅಂತ ಕರೆದ. ಇರಲಿ ಕಣೋ, ಅದನ್ನು ಆಮೇಲೆ ನೋಡೋಣ ಅಂದೆ.

ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಚಾಸಿಸ್, ಅಂದರೆ ಗಾಡಿ ಪೂರ್ತಿ ಕೂರುವ ಕಬ್ಬಿಣದ ಚೌಕಟ್ಟು, ಹೋದರೆ ಗಾಡಿಯೇ ಹೋದ ಹಾಗೆ. ನನ್ನ ಮೊದಲ ಜಿಪ್ಸಿ ಕರಾವಳಿ ಕಡೆಯಿಂದ ಬಂದದ್ದು. ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ತೂಗುಹಾಕುವ ಶ್ಯಾಕಲ್ ಅನ್ನೋ ಕೊಂಡಿ ಇರುತ್ತಲ್ಲ, ಆ ಜಾಗದಲ್ಲಿ ಚಾಸಿಸ್ಸನ್ನು ಒಳಗಿಂದಲೇ ತುಕ್ಕು ತಿಂದಿತ್ತು, ಯಾರೋ ಅದರ ಮೇಲೆ ತಗಡು ವೆಲ್ಡ್ ಮಾಡಿ, ಕಪ್ಪು ಅಂಡರ್‌ಕೋಟ್ ಬಳಿದು ಮುಚ್ಚಿಬಿಟ್ಟಿದ್ದರು. ನಾನು ಎಂಜಿನ್ ಸೌಂಡ್ ಕೇಳಿ ದುಡ್ಡು ಕೊಟ್ಟಿದ್ದೆ. ಎರಡನೇ ಮಳೆಗಾಲದಲ್ಲಿ ತೋಟದ ಇಳಿಜಾರಿನಲ್ಲಿ ಆ ಶ್ಯಾಕಲ್ ಕಿತ್ತು ಬಂತು. ಹಿಂದೆ ಇಬ್ಬರು ಕೆಲಸದವರು ಕೂತಿದ್ದರು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಆ "ಕಟಕ್" ಅನ್ನೋ ಶಬ್ದ ಇವತ್ತಿಗೂ ಕಿವಿಯಲ್ಲಿದೆ.

ಹಾಗಾಗಿ ಈಗ ನನ್ನ ಜೇಬಿನಲ್ಲಿ ಒಂದು ಸಣ್ಣ ಸುತ್ತಿಗೆ ಇದ್ದೇ ಇರುತ್ತದೆ. ಚಾಸಿಸ್ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ "ಟಣ್" ಅನ್ನುತ್ತದೆ. ತುಕ್ಕು ತಿಂದ ಜಾಗ ಮೊದ್ದು ಶಬ್ದ ಕೊಡುತ್ತದೆ, ಕೆಲವೊಮ್ಮೆ ಒಳಗಿನಿಂದ ಪುಡಿ ಉದುರುವುದು ಕೇಳಿಸುತ್ತದೆ. ಶ್ಯಾಕಲ್ ಜಾಗ, ಬಾಡಿ ಕೂರುವ ಬುಷ್‌ಗಳ ಸುತ್ತ, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಕಡೆ, ಇಷ್ಟನ್ನಂತೂ ಬಿಡಬೇಡಿ. ಹಳೇ ಗಾಡಿಗೆ ಒಂದೇ ಕಡೆ ಹೊಸ ಕಪ್ಪು ಬಳಿದಿದ್ದರೆ ಅಲ್ಲೇ ಉಗುರು ಹಾಕಿ ಕೆರೆದು ನೋಡಿ. ಓನರ್ ಮುಖ ಸಣ್ಣದಾದರೆ ಆಗಲಿ.

ಮೂಡಿಗೆರೆಯ ಈ ಗಾಡಿ ಪೂರ್ತಿ "ಟಣ್" ಅಂತು. ನನಗೆ ಅಲ್ಲೇ ಅರ್ಧ ಸಮಾಧಾನ ಆಯಿತು.

ಆಮೇಲೆ ಆಯಿಲ್. ನಮ್ಮ ಕಡೆ ಗಾಡಿಗಳು ಹಳ್ಳ ದಾಟದೆ ಇರುವುದಿಲ್ಲ. ಓಡಿ ಬಿಸಿಯಾದ ಆಕ್ಸೆಲ್ ಹೌಸಿಂಗ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿ ಆಡುವ ಸಣ್ಣ ತೂತು, ಅಂದರೆ ಬ್ರೀದರ್, ಮಣ್ಣು ತುಂಬಿ ಕಟ್ಟಿಕೊಂಡಿದ್ದರೆ ಅದು ಸೀಲ್ ಕಡೆಯಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ನೀರು ಆಯಿಲ್‌ಗಿಂತ ಭಾರ, ಗಾಡಿ ರಾತ್ರಿಯಿಡೀ ನಿಂತಿದ್ದರೆ ತಳದಲ್ಲಿ ಕೂರುತ್ತದೆ. ಅದಕ್ಕೇ ಓನರನ್ನು ಕೇಳಿ ಡ್ರೈನ್ ಪ್ಲಗ್ಗನ್ನು ಸ್ವಲ್ಪವೇ ಸಡಿಲ ಮಾಡಿಸಿ, ಮೊದಲು ಬರುವ ನಾಲ್ಕು ಹನಿ ನೋಡಿ. ಆಕ್ಸೆಲ್ ನಡುವೆ ಎರಡು ಚಕ್ರಕ್ಕೂ ಬಲ ಹಂಚುವ ಗೇರ್ ಇರುತ್ತಲ್ಲ, ಆ ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಕಪ್ಪು ಆಯಿಲ್ ಬಂತು, ಹಳೆಯದು ಅಷ್ಟೇ. ಮುಂದಿನದರಲ್ಲಿ ಬಂದದ್ದು ಹಾಲು ಹಾಕಿದ ಕಾಫಿ ಬಣ್ಣ. ಬೆರಳಲ್ಲಿ ಉಜ್ಜಿದರೆ ಜಿಡ್ಡೇ ಇಲ್ಲ. ಭಾವಮೈದನ ಮುಖ ಬಾಡಿತು.

ಮುಂದಿನ ಆಕ್ಸೆಲ್ ಕೊನೆಯಲ್ಲಿ, ಚಕ್ರದ ಒಳಗಡೆ, ಚೆಂಡಿನ ಥರ ಒಂದು ನಕಲ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು, ಇದೆ. ಅದರ ಮೇಲೆ ಗ್ರೀಸೂ ಆಯಿಲೂ ಕಲೆತು ಕಪ್ಪಗೆ ಇಳಿದಿದ್ದರೆ ಒಳಗಿನ ಆಕ್ಸೆಲ್ ಸೀಲ್ ಹೋಗಿದೆ ಅಂತ ತಿಳಿಯಿರಿ. ಈ ಗಾಡಿಯಲ್ಲಿ ಎಡಗಡೆ ಹಾಗೇ ಇತ್ತು. ಜ್ಯಾಕ್ ಹಾಕಿ ಚಕ್ರ ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಪ್ಲೇ ಇತ್ತು. ಇವನಿಗೆ ಬ್ರೇಕ್ ಒತ್ತು ಅಂದೆ. ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತರೆ ವೀಲ್ ಬೇರಿಂಗ್, ಆಗಲೂ ಅಲ್ಲಾಡುತ್ತಿದ್ದರೆ ಆ ನಕಲ್ ಕೂರುವ ಕಿಂಗ್‌ಪಿನ್ ಬೇರಿಂಗ್. ಇದು ನಿಲ್ಲಲಿಲ್ಲ. ಹಾಸನದ ನಮ್ಮ ಮೆಕ್ಯಾನಿಕ್ ಹೇಳಿಕೊಟ್ಟ ಉಪಾಯ, ಎರಡು ನಿಮಿಷದ ಕೆಲಸ, ಸುಮ್ನೆ ಬಿಡಬೇಡಿ.

ಜಿಪ್ಸಿಯ ಇನ್ನೊಂದು ವಿಶೇಷ ಅಂದರೆ ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸೆಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸ್‌ಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ ಇದೆ. ಅಂದರೆ ಶಾಫ್ಟ್ ಮೂರು, ನೋಡಬೇಕಾದ ತುದಿಯ ಕೀಲು, ಅಂದರೆ ಕ್ರಾಸ್‌ಗಳೂ ಜಾಸ್ತಿ. ಒಂದೊಂದನ್ನೂ ಕೈಯಲ್ಲಿ ತಿರುಚಿ ನೋಡಿ. ಕಪ್ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿದೆ. ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟ್ ಹರಿದಿದ್ದರೆ ಗಾಡಿ ಪೂರ್ತಿ ಗಡಗಡ ಅನ್ನುತ್ತದೆ, ಜನ ಅದನ್ನು ಎಂಜಿನ್ ತೊಂದರೆ ಅಂದುಕೊಂಡು ಬಿಟ್ಟು ಹೋಗುತ್ತಾರೆ. ಒಳ್ಳೆ ಗಾಡಿ ಕಮ್ಮಿ ರೇಟಿಗೆ ಸಿಗುವುದು ಹಾಗೇ.

ಎಂಜಿನ್‌ಗೆ ಬರೋಣ. ಹಿಂದಿನ ರಾತ್ರಿಯೇ ಫೋನ್ ಮಾಡಿ, ನಾವು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಅಂದಿದ್ದೆ. ಹೋದ ತಕ್ಷಣ ರೇಡಿಯೇಟರ್ ಮುಟ್ಟಿ ನೋಡಿದೆ, ತಣ್ಣಗಿತ್ತು. ತಣ್ಣಗಿರುವಾಗಲೇ ಅದರ ಕ್ಯಾಪ್ ತೆಗೆದು ಮೇಲೆ ಆಯಿಲ್ ಪದರ ತೇಲುತ್ತಿದೆಯಾ ಅಂತಲೂ ನೋಡಿಬಿಡಿ, ಬಿಸಿ ಎಂಜಿನ್‌ನಲ್ಲಿ ಯಾವತ್ತೂ ಆ ಕ್ಯಾಪ್ ಮುಟ್ಟಬೇಡಿ. ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಘಾಟಿ ರಸ್ತೆಯಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಸಿ, ಕೆಳಗೆ ಬಂದು ಒಮ್ಮೆ ಒತ್ತಿ. ಆಗ ಮಾತ್ರ ನೀಲಿ ಹೊಗೆ ಬಂದರೆ ಸಾಮಾನ್ಯವಾಗಿ ವಾಲ್ವ್ ಸೀಲ್. ಏರು ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬಿಡುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬೇಕು, ಖರ್ಚು ದೊಡ್ಡದು. ಇದರಲ್ಲಿ ಎರಡೂ ಇರಲಿಲ್ಲ.

ಫೋರ್ ವೀಲ್ ಪರೀಕ್ಷೆಯನ್ನು ಡಾಂಬರ್ ಮೇಲೆ ಮಾಡಬೇಡಿ. ನಡುವೆ ಡಿಫರೆನ್ಷಿಯಲ್ ಇಲ್ಲದ ಗಾಡಿ ಇದು, ಒಣ ರಸ್ತೆಯಲ್ಲಿ ತಿರುಗಿಸಿದರೆ ಶಾಫ್ಟ್‌ಗಳು ಬಿಗಿದುಕೊಳ್ಳುತ್ತವೆ. ಮಣ್ಣಿಗೆ ಇಳಿಸಿ, ಫ್ರೀವೀಲಿಂಗ್ ಹಬ್ (ಮುಂದಿನ ಚಕ್ರವನ್ನು ಆಕ್ಸೆಲ್ಲಿಗೆ ಜೋಡಿಸುವ, ಬಿಡಿಸುವ ಭಾಗ) ಇದ್ದರೆ ಲಾಕ್ ಮಾಡಿ, ಲೋ, ಅಂದರೆ ಫೋರ್ ವೀಲಿನ ನಿಧಾನದ ಗೇರ್, ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಸುತ್ತು ಹೊಡೆಯಿರಿ. ಮುಂದಿನ ಚಕ್ರದಿಂದ ಟಕ್ ಟಕ್ ಬಂದರೆ ತಿರುಗುವ ಚಕ್ರಕ್ಕೆ ಬಲ ಕೊಡುವ ಸಿವಿ ಜಾಯಿಂಟ್ ಸವೆದಿದೆ. ಆಮೇಲೆ ಲೋನಲ್ಲೇ ಕಡಿದಾದ ಇಳಿಜಾರು ಇಳಿಸಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿದರೆ ಆ ಗಾಡಿ ಬೇಡ. ಮಳೆಯಲ್ಲಿ, ಜನ ಕೂತಿರುವಾಗ ಹಾಗಾದರೆ ಏನಾಗಬಹುದು ಅಂತ ಯೋಚಿಸಿ.

ಪೇಪರ್ ಬಗ್ಗೆ ಒಂದೇ ಮಾತು. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ನೀವೇ ಓದಿ ಹೊಂದಿಸಿ. ಡೀಸೆಲ್ ಎಂಜಿನ್ ಕೂರಿಸಿದ ಜಿಪ್ಸಿಗಳು ಬೇಕಾದಷ್ಟಿವೆ, ಆರ್‌ಸಿಯಲ್ಲಿ ಅದು ಬರೆದಿಲ್ಲ ಅಂದರೆ ಮುಟ್ಟಲೇಬೇಡಿ.

ಕೊನೆಗೆ ಓನರ್ ಜೊತೆ ಜಗಲಿಯಲ್ಲಿ ಕೂತೆವು. ಅವರು ನೇರ ಮನುಷ್ಯ, ಆಷಾಢದಲ್ಲಿ ಹಳ್ಳದಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡಿತ್ತು ಅಂತ ತಾವೇ ಹೇಳಿದರು. ಆಯಿಲ್ ಹತ್ತಿದ ಬೆರಳು ತೋರಿಸಿ ಲೆಕ್ಕ ಹೇಳಿದೆ, ಮೂವತ್ತೈದು ಸಾವಿರ ಇಳಿಸಿದರು. ಈಗ ಗಾಡಿ ಹಾಸನದಲ್ಲಿ ಸ್ಟ್ಯಾಂಡ್ ಮೇಲೆ ನಿಂತಿದೆ, ಮುಂದಿನ ಆಕ್ಸೆಲ್ ಬಿಚ್ಚಿಟ್ಟಿದ್ದಾರೆ. ಪಿನಿಯನ್ ಬೇರಿಂಗ್ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿವೆ, ಹಲ್ಲುಗಳು ಮಾತ್ರ ಚೆನ್ನಾಗಿವೆ. ಸೀಲ್ ಕಿಟ್ ಬುಧವಾರ ಬರುತ್ತದಂತೆ.