ನಿಮ್ಮ ಸೈಜ್ ಎಷ್ಟು ಅಂತ ನಾನೀಗ ಮೊದಲು ಕೇಳುವುದಿಲ್ಲ

ನಾನು ಮಾರಿದ ಒಂದು ಜೊತೆ ಬೂಟು ಮೂರು ವಾರಕ್ಕೆ ವಾಪಸ್ ಬಂತು. ತಂದವರು ಐವತ್ತು ದಾಟಿದ ಒಬ್ಬ ಹೆಂಗಸು. ಜಗಳ ಆಡಲಿಲ್ಲ, ಸುಮ್ನೆ ಕೌಂಟರ್ ಮೇಲೆ ಡಬ್ಬಿ ಇಟ್ಟರು. ಮಗಳ ಜೊತೆ ಮೊದಲ ಸಲ ಹದಿನಾಲ್ಕು ಸಾವಿರ ಅಡಿಯ ಬೆಟ್ಟ ಹತ್ತಿದ್ದರಂತೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಕಾಲು ಬೂಟಿನೊಳಗೆ ಮುಂದೆ ಜಾರಿ ಜಾರಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ, ಒಂದು ಕಿತ್ತೇ ಬಂದಿತ್ತು. "ನೀವು ಸೈಜ್ ಕೇಳಿದ್ರಿ, ನಾನು ಹೇಳಿದೆ, ನೀವು ತಂದುಕೊಟ್ರಿ" ಅಂದರು. ನಾನು ಮಾಡಿದ್ದೂ ಅಷ್ಟೇ. ಆ ದಿನ ರಾತ್ರಿ ನನಗೆ ಊಟ ಸೇರಲಿಲ್ಲ.

ನಾನು ಸಾಗರದ ಕಡೆಯವಳು. ಗಂಡನ ಕೆಲಸದ ಮೇಲೆ ಅಮೆರಿಕದ ಕೊಲೊರಾಡೊಗೆ ಬಂದೆವು, ಡೆನ್ವರ್ ಪಕ್ಕ ಮನೆ. ಇಲ್ಲಿ ಕೆಲಸಕ್ಕೆ ಬಂದವರ ಗಂಡ, ಹೆಂಡತಿಗೆ ಸಿಗುವ ಎಚ್-4 ವೀಸಾದವರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಕೊಡುವ ನಿಯಮ 2015ರ ಮೇ ತಿಂಗಳಲ್ಲಿ ಬಂತಲ್ವಾ, ಅದರಿಂದ ನನಗೂ ದಾರಿ ಆಯಿತು. ಬಿ.ಕಾಂ. ಓದಿದ್ದೆ, ಆಫೀಸ್ ಕೆಲಸ ಹುಡುಕಿದೆ, ಸಿಗಲಿಲ್ಲ. 2017ರಲ್ಲಿ ಸಿಕ್ಕಿದ್ದು ಕ್ರೀಡೆ, ಕ್ಯಾಂಪಿಂಗ್, ಮೀನು ಹಿಡಿಯುವ ಸಾಮಾನು ಎಲ್ಲ ಮಾರುವ ಒಂದು ದೊಡ್ಡ ಚೈನ್ ಅಂಗಡಿಯ ಬೂಟಿನ ವಿಭಾಗದಲ್ಲಿ. ಹೆಸರು ಬೇಡ. ಒಳಗೆ ಹೋದರೆ ಈ ತುದಿಯಿಂದ ಆ ತುದಿ ಕಾಣದಷ್ಟು ದೊಡ್ಡದು.

ಅಲ್ಲಿ ದಿನಾ ಬೆಳಿಗ್ಗೆ ಹತ್ತು ನಿಮಿಷ ಎಲ್ಲರೂ ನಿಂತು ಲೆಕ್ಕ ಕೇಳಬೇಕು. ನಿನ್ನೆ ಎಷ್ಟು ಮಾರಾಟ, ಒಂದು ಬಿಲ್ಲಿಗೆ ಎಷ್ಟು ಸಾಮಾನು, ಅಂಗಡಿಯ ಕ್ರೆಡಿಟ್ ಕಾರ್ಡಿಗೆ ಎಷ್ಟು ಜನರನ್ನು ಸೇರಿಸಿದ್ದೀರಿ. ಬೂಟು ಕಾಲಿಗೆ ಸರಿಯಾಗಿ ಕೂತಿತಾ ಅಂತ ನಾನಿದ್ದ ಎರಡು ವರ್ಷದಲ್ಲಿ ಒಂದು ಬೆಳಿಗ್ಗೆಯೂ ಯಾರೂ ಕೇಳಲಿಲ್ಲ. ನಮ್ಮ ಮ್ಯಾನೇಜರ್ ಒಳ್ಳೆಯ ಮನುಷ್ಯ. ಅವರಿಗೂ ಮೇಲಿನಿಂದ ಅದೇ ಕಾಗದ ಬರುತ್ತಿತ್ತು.

ನಮ್ಮ ವಿಭಾಗದಲ್ಲಿ ಒಬ್ಬರು ಹಿರಿಯರಿದ್ದರು. ಇಪ್ಪತ್ತು ವರ್ಷದಿಂದ ಬೂಟು ಹಾಕಿಸುತ್ತಿದ್ದವರು. ಗಿರಾಕಿ ಬಾಗಿಲಿನಿಂದ ನಡೆದು ಬರುವುದನ್ನು ನೋಡಿಯೇ ಯಾವ ಕಡೆ ಭಾರ ಹಾಕ್ತಾರೆ ಅಂತ ಹೇಳುತ್ತಿದ್ದರು. ಅವರ ಗಂಟೆಗಳನ್ನು ವಾರ ವಾರ ಕಡಿಮೆ ಮಾಡುತ್ತ ಬಂದರು. ಇಲ್ಲಿ ದೊಡ್ಡ ಕಂಪನಿಗಳ ಮಟ್ಟಿಗೆ ವಾರಕ್ಕೆ ಸರಾಸರಿ 30 ಗಂಟೆ ದುಡಿದವರು ಪೂರ್ತಿ ಕೆಲಸದವರು ಅಂತ ಕಾನೂನು, ಅವರಿಗೆ ಆರೋಗ್ಯ ವಿಮೆ ಕೊಡಬೇಕು, ಇಲ್ಲ ಅಂದರೆ ದಂಡದ ಮಾತು ಬರುತ್ತದೆ. ಅದಕ್ಕೇ ಬಹಳ ಅಂಗಡಿಗಳಲ್ಲಿ ಶಿಫ್ಟಿನ ಪಟ್ಟಿ 28, 29 ಗಂಟೆಗೆ ನಿಂತುಬಿಡುತ್ತದೆ. ಇವರದ್ದು ಕೊನೆಗೆ ಹನ್ನೆರಡಕ್ಕೆ ಬಂತು. ಹನ್ನೆರಡು ಗಂಟೆಯಲ್ಲಿ ಯಾರು ಮನೆ ನಡೆಸ್ತಾರೆ? ಬಿಟ್ಟುಹೋದರು. ಅವರ ಜೊತೆ ಹೋದ ವಿದ್ಯೆ ಏನು ಅಂತ ಯಾರ ಲೆಕ್ಕದ ಪುಸ್ತಕದಲ್ಲೂ ಬರಲಿಲ್ಲ, ಅವರಿಗೆ ಕೊಡದೆ ಉಳಿಸಿದ ಸಂಬಳ ಮಾತ್ರ ಬಂತು.

ಆಮೇಲೆ ನಮ್ಮಂಥವರೇ ಉಳಿದೆವು. ಸೈಜ್ ಕೇಳುವುದು, ಒಳಗಿಂದ ಡಬ್ಬಿ ತರುವುದು, ಕಾರ್ಡ್ ಬೇಕಾ ಅಂತ ಕೇಳುವುದು. ಗಿರಾಕಿಗಳು ಬೂಟು ಹಾಕಿ ನೋಡಿ, ನಮ್ಮೆದುರೇ ಫೋನ್ ತೆಗೆದು ಡಬ್ಬಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಆನ್‌ಲೈನ್‌ನಲ್ಲಿ ಕಡಿಮೆ ಇದ್ದರೆ ಥ್ಯಾಂಕ್ಸ್ ಅಂತ ಹೇಳಿ ಹೋಗುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಯೋಚನೆ ಬಂತು, ಡಬ್ಬಿ ತಂದುಕೊಡುವುದು ಬಿಟ್ಟು ನಾನು ಇವರಿಗೆ ಜಾಸ್ತಿ ಏನು ಕೊಟ್ಟೆ? ಡಬ್ಬಿಯನ್ನು ಮನೆ ಬಾಗಿಲಿಗೇ ತಂದುಕೊಡುವವರು ಬೇರೆ ಇದ್ದಾರೆ.

ಡೆನ್ವರ್‌ನವರಿಗೆ ಕ್ರೀಡಾ ಸಾಮಾನಿನ ಅಂಗಡಿಗಳ ಈ ವಿಷಯ ಸ್ವಲ್ಪ ಒಳಗೇ ತಾಗುತ್ತದೆ, ಯಾಕೆ ಅಂತ ಹೇಳಬೇಕು. 1928ರಲ್ಲಿ ಇಲ್ಲಿ ನೇಥನ್ ಗಾರ್ಟ್ ಅನ್ನುವವರು 50 ಡಾಲರಿನ ಮೀನಿನ ಗಾಳದ ಕೋಲುಗಳಿಂದ ವ್ಯಾಪಾರ ಶುರು ಮಾಡಿದರು. ಅದು ಬೆಳೆದು ಗಾರ್ಟ್ ಬ್ರದರ್ಸ್ ಆಯಿತು. ಬ್ರಾಡ್‌ವೇ ರಸ್ತೆಯಲ್ಲಿ ಮೊದಲು ಕಾರು ಮಾರುತ್ತಿದ್ದ ಒಂದು ಹಳೇ ಚೆಂದದ ಕಟ್ಟಡವನ್ನು 1971ರಲ್ಲಿ ತಗೊಂಡು ಸ್ಪೋರ್ಟ್ಸ್ ಕ್ಯಾಸಲ್ ಅಂತ ಹೆಸರಿಟ್ಟರು. ಸೆಪ್ಟೆಂಬರ್ ಶುರುವಿನ ಲೇಬರ್ ಡೇ ರಜೆಗೆ ಸ್ನಿಯಾಗ್ರಾಬ್ ಅಂತ ಹಿಮದ ಮೇಲೆ ಜಾರುವ ಸ್ಕೀ ಸಾಮಾನಿನ ಮಾರಾಟ ಇಡುತ್ತಿದ್ದರು. ಇಂಗ್ಲಿಷಿನ ಬಾರ್ಗೇನ್ಸ್ ಅನ್ನುವ ಪದವನ್ನು ತಿರುಗಿಸಿ ಬರೆದರೆ ಆ ಹೆಸರು. ನಾನು ಈಗ ಕೆಲಸ ಮಾಡುವ ಅಂಗಡಿಯ ಯಜಮಾನರು ಚಿಕ್ಕವರಿದ್ದಾಗ ಅಪ್ಪನ ಜೊತೆ ರಾತ್ರಿಯೇ ಹೋಗಿ ಸಾಲಿನಲ್ಲಿ ಮಲಗಿದ್ದರಂತೆ. ನಮ್ಮ ಕಡೆ ಜಾತ್ರೆಗೆ ಹೋಗಿದ್ದನ್ನು ಹೇಳ್ತಾರಲ್ಲ, ಹಾಗೆ ಹೇಳ್ತಾರೆ ಅದನ್ನು.

2003ರಲ್ಲಿ ಆ ಕಂಪನಿ ಸ್ಪೋರ್ಟ್ಸ್ ಅಥಾರಿಟಿ ಅನ್ನುವ ಇನ್ನೊಂದು ದೊಡ್ಡ ಚೈನ್ ಜೊತೆ ಒಂದಾಯಿತು, ಸ್ಪೋರ್ಟ್ಸ್ ಅಥಾರಿಟಿ ಅನ್ನುವ ಹೆಸರೇ ಉಳಿಯಿತು. 2006ರಲ್ಲಿ ಒಂದು ಹೂಡಿಕೆ ಕಂಪನಿ ಮುಂದೆ ನಿಂತು ಸುಮಾರು 130 ಕೋಟಿ ಡಾಲರಿಗೆ ಅದನ್ನು ಕೊಂಡುಕೊಂಡಿತು. ಇಂಥ ಖರೀದಿಯಲ್ಲಿ ದೊಡ್ಡ ಪಾಲು ಸಾಲ ಇರುತ್ತದೆ, ಆ ಸಾಲ ಕೊಂಡವರ ತಲೆ ಮೇಲಲ್ಲ, ಅಂಗಡಿಯ ತಲೆ ಮೇಲೆ ಬೀಳುತ್ತದೆ. ಇದು ನನಗೆ ಗೊತ್ತಾದಾಗ ನಂಬಲಾಗಲಿಲ್ಲ. ಮನೆ ಕೊಂಡವನ ಸಾಲವನ್ನು ಮನೆಯೇ ತೀರಿಸಬೇಕು ಅಂದ ಹಾಗೆ. 2016ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಸಾಲ ಸುಮಾರು 110 ಕೋಟಿ ಡಾಲರ್, ಅಂಗಡಿ 463. ಮೊದಲು 140 ಮುಚ್ಚುತ್ತೇವೆ ಅಂದರು. ಬೇಸಿಗೆ ಮುಗಿಯುವುದರೊಳಗೆ ಎಲ್ಲವೂ ಮುಚ್ಚಿದವು. ಮಾರಿದ ಮೇಲೆ ದುಡ್ಡು ಅನ್ನುವ ಮಾತಿನ ಮೇಲೆ ಮಾಲು ಇಟ್ಟಿದ್ದ ಸುಮಾರು 160 ಸರಬರಾಜುದಾರರು ಆ ಮಾಲು ಯಾರದ್ದು ಅಂತ ಕೋರ್ಟಿನಲ್ಲಿ ನಿಲ್ಲಬೇಕಾಯಿತು. ಅವರಲ್ಲಿ ಸಣ್ಣವರೂ ಇದ್ದರು. ನಾನು ಕೆಲಸಕ್ಕೆ ಸೇರಿದ ವರ್ಷವೂ ಇಲ್ಲಿನ ಫುಟ್‌ಬಾಲ್ ಸ್ಟೇಡಿಯಂ ಮೇಲೆ ಆ ಕಂಪನಿಯ ಹೆಸರು ದೊಡ್ಡದಾಗಿ ಇತ್ತು. ಒಂದೂ ಅಂಗಡಿ ಇಲ್ಲದ ಕಂಪನಿಯ ಬೋರ್ಡು. 2018ರ ಜನವರಿಯಲ್ಲಿ ಅದನ್ನು ಇಳಿಸಿದರು.

ಆಗ ಎಲ್ಲರೂ ಅಮೆಜಾನ್ ಕೊಂದಿತು ಅಂದರು. ಅಮೆಜಾನ್ ಹೊಡೆದಿದ್ದು ನಿಜ. 2018ರ ಜೂನ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಬರುವವರೆಗೆ ಎಷ್ಟೋ ಆನ್‌ಲೈನ್ ವ್ಯಾಪಾರಿಗಳು ತಮ್ಮ ಕಚೇರಿ, ಗೋದಾಮು ಇಲ್ಲದ ರಾಜ್ಯದಲ್ಲಿ ಮಾರಾಟ ತೆರಿಗೆ ವಸೂಲಿ ಮಾಡಬೇಕಾಗಿರಲಿಲ್ಲ, ಬೀದಿಯ ಅಂಗಡಿಯವನು ಮಾಡಬೇಕಿತ್ತು. ಅದು ಸಣ್ಣ ಅನ್ಯಾಯ ಅಲ್ಲ. ಬ್ರ್ಯಾಂಡಿನವರೂ ತಾವೇ ನೇರವಾಗಿ ಮಾರಲು ಶುರು ಮಾಡಿದರು. ಆದರೆ ಬಡ್ಡಿ ಕಟ್ಟುವುದರಲ್ಲೇ ದುಡ್ಡು ಹೋದರೆ ಅಂಗಡಿಯನ್ನು ಹೊಸದು ಮಾಡಲು, ಗೊತ್ತಿರುವವರನ್ನು ಇಟ್ಟುಕೊಳ್ಳಲು ಎಲ್ಲಿಂದ ಬರಬೇಕು? ಮೊದಲು ಕತ್ತರಿ ಬೀಳುವುದು ಗಂಟೆಗಳ ಮೇಲೆ. ಅಂದರೆ ಆನ್‌ಲೈನ್‌ನಲ್ಲಿ ಸಿಗದ ಒಂದೇ ಒಂದು ವಸ್ತುವಿನ ಮೇಲೆ. ನನ್ನ ಅಂಗಡಿಯಲ್ಲಿ ನಾನು ಕಣ್ಣಾರೆ ಕಂಡಿದ್ದು ಇದನ್ನೇ, ಅದರ ಸಾಲದ ಕಥೆ ನನಗೆ ಗೊತ್ತಿಲ್ಲದಿದ್ದರೂ.

ದೊಡ್ಡದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕ್ರೀಡಾ ಸಾಮಾನಿನ ದೊಡ್ಡ ಚೈನ್ ಡಿಕ್ಸ್ ಕೂಡ 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್‌ನಲ್ಲಿ ಮೀನುಗಾಳದ ಸಣ್ಣ ಅಂಗಡಿಯಾಗಿ ಶುರುವಾಗಿದ್ದು, ಶುರು ಮಾಡಿದವರ ಅಜ್ಜಿ ಕೊಟ್ಟ 300 ಡಾಲರಿನಿಂದ. ಅದು ಉಳಿದುಕೊಂಡು ಬೆಳೆಯಿತು. ಬೆಟ್ಟ, ಕ್ಯಾಂಪಿಂಗ್ ಸಾಮಾನು ಮಾರುವ ಆರ್‌ಇಐ 1938ರಲ್ಲಿ ಸಿಯಾಟಲ್‌ನ ಬೆಟ್ಟ ಹತ್ತುವವರು ತಮಗಾಗಿ ಕಟ್ಟಿಕೊಂಡ ಸಹಕಾರಿ ಸಂಘ. ಅವರಲ್ಲೂ ಈಚೆಗೆ ಕಷ್ಟ ಇದೆ, 2025ರ ಜನವರಿಯಲ್ಲಿ ಪ್ರವಾಸ ಮತ್ತು ತರಗತಿಗಳ ವಿಭಾಗವನ್ನೇ ಮುಚ್ಚಿದರು.

2019ರಲ್ಲಿ ನಮ್ಮ ಶಾಖೆಯೂ ಮುಚ್ಚಿತು. ಕೊನೆಯ ವಾರಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗೋಡೆಯ ಕಪಾಟಿಗೂ ಬೆಲೆ ಚೀಟಿ ಅಂಟಿಸಿದ್ದರು, ಅಷ್ಟು ಹೇಳಿದರೆ ಸಾಕು.

ಆಮೇಲೆ ಸೇರಿದ್ದು ಈಗಿರುವ ಅಂಗಡಿಗೆ. ಒಬ್ಬರೇ ಯಜಮಾನರು, ನಾವು ಐದು ಜನ. ಮೊದಲ ದಿನ ಅವರು ನನ್ನ ಕೈಗೆ ಕೊಟ್ಟಿದ್ದು ಬ್ರ್ಯಾನಕ್ ಅಳತೆಯ ಸಾಧನ. ಚಾರ್ಲ್ಸ್ ಬ್ರ್ಯಾನಕ್ ಅಂತ, ಸಿರಾಕ್ಯೂಸ್ ಊರಿನ ಬೂಟಿನಂಗಡಿ ಮನೆಯ ಹುಡುಗ, 1920ರ ದಶಕದಲ್ಲಿ ಮಾಡಿದ್ದು, ಇಂದಿಗೂ ಅದೇ ರೂಪ. ದೊಡ್ಡ ಅಂಗಡಿಯಲ್ಲೂ ಅದು ಇತ್ತು, ಕೆಳಗಿನ ಡ್ರಾಯರ್‌ನಲ್ಲಿ, ಧೂಳು ಹಿಡಿದು.

ಅದರಲ್ಲಿ ಮೂರು ಅಳತೆ ಇದೆ ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಹಿಮ್ಮಡಿಯಿಂದ ಬೆರಳ ತುದಿಗೆ ಒಂದು. ಅಗಲ ಒಂದು. ಇನ್ನೊಂದು ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಉಬ್ಬಿಗೆ. ಮುಖ್ಯವಾದದ್ದು ಈ ಕೊನೆಯದ್ದು, ಯಾಕೆಂದರೆ ಬೂಟು ಮಡಿಯುವುದು ಅಲ್ಲಿ. ಬೆರಳು ಗಿಡ್ಡ ಇರುವವರಿಗೆ ತುದಿಯ ಅಳತೆ ಎಂಟು ಬಂದು ಬುಡದ ಅಳತೆ ಒಂಬತ್ತು ಬರಬಹುದು. ಅವರಿಗೆ ಒಂಬತ್ತೇ ಹಾಕಿಸಿ ನೋಡಬೇಕು. ಕಾಲು ಮಧ್ಯಾಹ್ನದ ಮೇಲೆ ಊದಿಕೊಳ್ಳುತ್ತದೆ, ಹಾಗಾಗಿ ಬೆಳಿಗ್ಗೆ ಬಂದವರಿಗೆ ಅದನ್ನು ಹೇಳಬೇಕು. ನಿಲ್ಲಿಸಿ ಅಳೆಯಬೇಕು, ಕೂರಿಸಿ ಅಲ್ಲ. ಎರಡೂ ಕಾಲು ಅಳೆಯಬೇಕು. ಆಮೇಲೆ ಇಳಿಜಾರಿನ ಹಲಗೆ ಮೇಲೆ ನಿಲ್ಲಿಸಿ ಕೆಳಗೆ ಇಳಿಸಬೇಕು. ಹೆಬ್ಬೆರಳು ಮುಂದೆ ಬಡಿಯಿತಾ? ಬಡಿದರೆ ಮೊದಲು ಹಿಮ್ಮಡಿ ಎದ್ದೇಳದ ಹಾಗೆ ಲೇಸ್ ಕಟ್ಟಿ ನೋಡುವುದು, ಆಗಲೂ ಬಡಿದರೆ ಬೇರೆ ಬೂಟು. ಒಬ್ಬರಿಗೆ ನಲವತ್ತು ನಿಮಿಷ ಆಗುತ್ತದೆ. ಆ ಉಗುರು ಕಿತ್ತ ಹೆಂಗಸಿಗೆ ಈ ಹಲಗೆ ಮೇಲೆ ಎರಡೇ ನಿಮಿಷ ಸಾಕಿತ್ತು.

ನಮ್ಮಪ್ಪ ಟೈಲರ್. ಹಳೇ ಅಂಗಿ ತಂದಿದ್ದೀನಿ ಇದೇ ಅಳತೆಗೆ ಹೊಲಿ ಅಂತ ಯಾರಾದರೂ ಅಂದರೆ ಅಂಗಿಯನ್ನು ಪಕ್ಕಕ್ಕಿಟ್ಟು ಟೇಪ್ ತೆಗೆಯುತ್ತಿದ್ದರು. ಅದನ್ನು ನೋಡಿ ಬೆಳೆದವಳು ನಾನು. ಎರಡು ವರ್ಷ ಅಳೆಯದೆ ಮಾರಿದೆನಲ್ಲ ಅಂತ ಈಗಲೂ ಬೇಜಾರಾಗುತ್ತದೆ.

ಹೋದ ಬೇಸಿಗೆಯಲ್ಲಿ ಶಿವಮೊಗ್ಗ ಕಡೆಯ ಒಬ್ಬ ಅಮ್ಮ ಬಂದರು, ಮಗನ ಮನೆಗೆ ಬಂದವರು. ಮಗ ಆನ್‌ಲೈನ್‌ನಲ್ಲಿ ತರಿಸಿದ ಮೂರು ಜೊತೆಯೂ ಆಗಿರಲಿಲ್ಲ. ಕನ್ನಡ ಕೇಳಿದ್ದೇ ತಡ, "ನಮ್ಮ ಕಡೆಯವಳೇನಮ್ಮಾ ನೀನು?" ಅಂತ ಕೈ ಹಿಡಿದುಕೊಂಡರು. ಜೀವನವೆಲ್ಲ ಚಪ್ಪಲಿ, ಮನೆಯಲ್ಲಿ ಬರಿಗಾಲು. ಬೆರಳುಗಳು ಚೆನ್ನಾಗಿ ಹರಡಿಕೊಂಡಿದ್ದವು, ಹಿಮ್ಮಡಿ ಸಣ್ಣ. ಮುಂದೆ ಅಗಲ, ಹಿಂದೆ ಕಿರಿದು. ಹೆಂಗಸರ ಸೈಜಿನಲ್ಲಿ ಅಷ್ಟು ಅಗಲದ್ದು ನಮ್ಮಲ್ಲಿ ಆ ದಿನ ಇರಲಿಲ್ಲ. "ಶೂ ಹಾಕಿದ್ರೆ ಕಾಲು ಕಟ್ಟಿಹಾಕಿದ ಹಾಗಾಗತ್ತೆ, ಬೇಡ ಬಿಡು" ಅಂದರು. ಗಂಡಸರ ಕಡೆಯ ಸಣ್ಣ ಸೈಜ್ ತಂದೆ. ಬೆರಳ ಹತ್ತಿರದ ಒಂದು ತೂತು ಬಿಟ್ಟು ಲೇಸ್ ಹಾಕಿದೆ, ಮೇಲೆ ಹಿಮ್ಮಡಿ ಹಿಡಿಯುವ ಗಂಟು ಹಾಕಿದೆ. ಹಲಗೆ ಹತ್ತಿ ಇಳಿದರು. ಮತ್ತೆ ಹತ್ತಿದರು. ಮೂರನೇ ಸಲ ನನ್ನ ಕೈ ಬಿಟ್ಟು ಇಳಿದರು. ಮುಂದಿನ ಶನಿವಾರ ರಾಕಿ ಮೌಂಟೇನ್ ನ್ಯಾಷನಲ್ ಪಾರ್ಕ್‌ನ ಬೇರ್ ಲೇಕ್ ಸುತ್ತ ಪೂರ್ತಿ ನಡೆದರು ಅಂತ ಮಗ ಫೋಟೋ ಕಳಿಸಿದ.

ಇಂಥದ್ದು ಹೇಳಿದರೆ ಸಣ್ಣ ಅಂಗಡಿ ಸುಖವಾಗಿದೆ ಅನಿಸಬಹುದು. ಇಲ್ಲ. ನಮ್ಮಲ್ಲಿ ಬೂಟು ಮಾರಿ ಬರುವ ಲಾಭದಿಂದ ಬಾಡಿಗೆ ಹುಟ್ಟುವುದಿಲ್ಲ. ಅಂಗಡಿ ನಿಂತಿರುವುದು ಸ್ಕೀಯ ಅಂಚು ಮಸೆದು ಮೇಣ ಹಾಕುವುದರಿಂದ, ಸ್ಕೀ ಬೂಟು ಬಿಸಿ ಮಾಡಿ ಕಾಲಿಗೆ ತಕ್ಕ ಹಾಗೆ ಹಿಗ್ಗಿಸುವುದರಿಂದ, ಮಕ್ಕಳಿಗೆ ಸೀಸನ್ ಪೂರ್ತಿ ಸ್ಕೀ ಬಾಡಿಗೆ ಕೊಡುವುದರಿಂದ. ಮಕ್ಕಳ ಕಾಲು ವರ್ಷಕ್ಕೊಮ್ಮೆ ಬೆಳೆಯುತ್ತದೆ, ಅಪ್ಪ ಅಮ್ಮಂದಿರು ಯಾಕೆ ಕೊಳ್ತಾರೆ? ಇನ್ನೊಂದು ಆಧಾರ, ಕೆಲವು ಬ್ರ್ಯಾಂಡುಗಳು ಇದಕ್ಕಿಂತ ಕಡಿಮೆ ಬೆಲೆಗೆ ಜಾಹೀರಾತು ಹಾಕಬೇಡಿ ಅಂತ ಎಲ್ಲರಿಗೂ ಒಂದೇ ಗೆರೆ ಹಾಕಿವೆ. ಆ ಗೆರೆ ಇರುವ ಮಾಲಿನಲ್ಲಿ ಮಾತ್ರ ನಮಗೂ ಆನ್‌ಲೈನ್‌ನವರಿಗೂ ಹೆಚ್ಚು ಕಡಿಮೆ ಸಮ. ಹಿಮ ಸರಿಯಾಗಿ ಬೀಳದ ಒಂದು ವರ್ಷ ಸಾಕು ನಮ್ಮನ್ನು ಅಲುಗಾಡಿಸಲು. ಯಜಮಾನರಿಗೆ ಅರವತ್ತೈದು ಆಯಿತು, ಮಕ್ಕಳಿಬ್ಬರೂ ಈ ಕಡೆ ಬರುವವರಲ್ಲ. ಆ ಚಿಂತೆ ನಮ್ಮೆಲ್ಲರಿಗೂ ಇದೆ, ಯಾರೂ ಜೋರಾಗಿ ಆಡುವುದಿಲ್ಲ.

ಮಾಲಿನ ಆರ್ಡರ್ ತಿಂಗಳುಗಟ್ಟಲೆ ಮೊದಲೇ ಕೊಡಬೇಕು. ಮುಂದಿನ ಬೇಸಿಗೆಯ ಬೂಟಿನ ಪಟ್ಟಿಯನ್ನು ಈ ಸಲ ನನ್ನ ಕೈಗೆ ಕೊಟ್ಟಿದ್ದಾರೆ. ಹೆಂಗಸರ ಅಗಲದ ಅಳತೆಯಲ್ಲಿ ಆರು ಜೊತೆ ಬರೆದೆ. ಉಳಿದುಹೋದರೆ ದುಡ್ಡು ಕಪಾಟಿನಲ್ಲಿ ಕೂರುತ್ತದೆ, ಎರಡು ಸಾಕು ಅಂದರು ಯಜಮಾನರು. ಆ ಅಮ್ಮನ ಫೋಟೋ ತೋರಿಸಿದೆ, ಹೋದ ಬೇಸಿಗೆಯಲ್ಲಿ ಅಗಲದ್ದು ಇಲ್ಲ ಅಂತ ವಾಪಸ್ ಕಳಿಸಿದ ಹನ್ನೊಂದು ಜನರ ಹೆಸರು ಬರೆದಿಟ್ಟ ಪುಸ್ತಕವನ್ನೂ ತೋರಿಸಿದೆ. ತುಂಬಾ ಹೊತ್ತು ನೋಡಿದರು. ನಾಲ್ಕು ಅಂತ ತಿದ್ದಿ ಸಹಿ ಹಾಕಿದರು.