ಬಿಯರ್ ಸಂಘಕ್ಕೆ 50 ಡಾಲರ್ ಚಂದಾ ಕೊಡಬೇಕಾ?

ನಮ್ಮ ಮನೆಯಲ್ಲಿ ಲೆಕ್ಕ ನೋಡುವವಳು ನನ್ನ ಹೆಂಡತಿ. ತಿಂಗಳ ಕೊನೆಯ ಭಾನುವಾರ ಕಾಫಿ ಲೋಟ ಹಿಡಿದು ಕ್ರೆಡಿಟ್ ಕಾರ್ಡ್ ಬಿಲ್ ಮುಂದೆ ಕೂತುಬಿಡುತ್ತಾಳೆ. ಒಂದು ಸಲ ಹಾಗೆ ಕೂತಿದ್ದಾಗ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು. "ರೀ, ಇದೇನಿದು? ಮನೇಲಿ ಬಿಯರ್ ಮಾಡೋರಿಗೂ ಒಂದು ಸಂಘಾನಾ? ಅದಕ್ಕೆ ಇವರು 50 ಡಾಲರ್ ಚಂದಾ ಬೇರೆ!"

ಹೌದು, ಸಂಘ ಇದೆ. ಹೆಸರು ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್. ನಾವಿರುವುದು ಕೊಲರಾಡೊದ ಡೆನ್ವರ್ ಪಕ್ಕದಲ್ಲಿ. ಈ ಸಂಘ ಹುಟ್ಟಿದ್ದು ಇಲ್ಲಿಂದ ಮುಕ್ಕಾಲು ಗಂಟೆ ದಾರಿಯ ಬೌಲ್ಡರ್ ಊರಲ್ಲಿ, 1978ರ ಡಿಸೆಂಬರಿನಲ್ಲಿ. ಚಾರ್ಲಿ ಪಪಾಜಿಯನ್, ಚಾರ್ಲಿ ಮ್ಯಾಟ್ಸನ್ ಅಂತ ಇಬ್ಬರು ಚಾರ್ಲಿಗಳು ಶುರು ಮಾಡಿದ್ದು. ಪಪಾಜಿಯನ್ ಓದಿದ್ದು ನ್ಯೂಕ್ಲಿಯರ್ ಎಂಜಿನಿಯರಿಂಗ್, ಮಾಡಿದ್ದು ಮೇಷ್ಟ್ರ ಕೆಲಸ. ಬಿಡುವಿನಲ್ಲಿ ಊರವರಿಗೆ ಬಿಯರ್ ಮಾಡುವುದು ಹೇಳಿಕೊಡುತ್ತಿದ್ದರಂತೆ. ನಮ್ಮಲ್ಲಿ ಹಾಗೆ ಮಾಡುವ ಮೇಷ್ಟ್ರಿಗೆ ವರ್ಗಾವಣೆ ಗ್ಯಾರಂಟಿ.

ಊರಲ್ಲಿರುವವರಿಗೆ ಮನೆಯಲ್ಲಿ ಬಿಯರ್ ಮಾಡುವುದು ಅಂದರೆ ಏನೋ ದೊಡ್ಡ ಕಾರ್ಖಾನೆ ಕೆಲಸ ಅನಿಸಬಹುದು. ಅಷ್ಟೇನಿಲ್ಲ. ನಮ್ಮ ಅಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಮಾಲ್ಟ್ ಮಾಡುತ್ತಾರಲ್ಲ, ಬಾರ್ಲಿಗೂ ಅದನ್ನೇ ಮಾಡುವುದು. ಆ ಮಾಲ್ಟನ್ನು ಅಂಗಡಿಯಿಂದ ತಂದು, ಒಡೆದು, 66 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಸಿಹಿನೀರು ಸೋಸಿ, ಹಾಪ್ಸ್ ಹೂ ಹಾಕಿ ಇನ್ನೊಂದು ಗಂಟೆ ಕುದಿಸಬೇಕು. ಕಹಿ ಬರುವುದು ಅದರಿಂದಲೇ. ಆರಿಸಿ, ಯೀಸ್ಟ್ ಹಾಕಿ, ಮುಚ್ಚಿಟ್ಟರೆ ಎರಡು ವಾರದಲ್ಲಿ ಬಿಯರ್. ಮತ್ತೆರಡು ವಾರ ಬಾಟಲಿಯಲ್ಲಿ ಕೂತರೆ ಗ್ಯಾಸ್ ತುಂಬುತ್ತದೆ. ಒಂದು ಸಲಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಸಣ್ಣ ಬಾಟಲಿ ಒಂದು 48 ಆಗುತ್ತವೆ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ನಾನೂ ಹಾಗೇ. ಮೊದಲ ಕಿಟ್ ಮನೆಗೆ ಬಂದ ವಾರವೇ ಸಂಘಕ್ಕೆ ಸೇರಿಬಿಟ್ಟೆ. ವರ್ಷಕ್ಕೆ ಆರು ಸಲ ಬರುವ ಅವರ ಪತ್ರಿಕೆ ಸಿಕ್ಕಿತು. ಹೆಸರು ಝೈಮರ್ಜಿ. ಹುದುಗಿಸುವ ವಿದ್ಯೆ ಅಂತ ಅರ್ಥ. ಇಂಗ್ಲಿಷ್ ಡಿಕ್ಷನರಿಯ ಕೊನೆಯ ಪುಟ ತೆಗೆದರೆ ಕೊನೆಕೊನೆಗೆ ಸಿಗುವ ಪದ ಅದು. ಸದಸ್ಯರ ಕಾರ್ಡ್ ತೋರಿಸಿದರೆ ಕೆಲವು ಅಂಗಡಿಗಳಲ್ಲಿ, ಪಬ್‌ಗಳಲ್ಲಿ ರಿಯಾಯಿತಿಯೂ ಉಂಟು.

ವರ್ಷದ ಕೊನೆಗೆ ಹೆಂಡತಿ ಲೆಕ್ಕ ಹಾಕಿದಳು. ಮಾಲ್ಟ್ ಅಂಗಡಿಯಲ್ಲಿ ನೂರಕ್ಕೆ ಹತ್ತರಂತೆ ಉಳಿದದ್ದು 30 ಡಾಲರ್. ಪಬ್‌ಗಳಲ್ಲಿ ಉಳಿದದ್ದು 11. ಕೊಟ್ಟದ್ದು 50. "ಒಂಬತ್ತು ಡಾಲರ್ ಲಾಸು. ಅದೂ ಇರಲಿ, 30 ಉಳಿಸೋಕೆ 300 ಖರ್ಚು ಮಾಡಿದೀರಾ. ಪಬ್‌ದು ಕೇಳಲ್ಲ ಬಿಡಿ." ಕೇಳದಿದ್ದದ್ದು ದೊಡ್ಡ ಉಪಕಾರ.

ಅವಳಿಗೆ ಗೊತ್ತಿಲ್ಲದ ಇನ್ನೊಂದು ಲಾಸು ಗ್ಯಾರೇಜಿನಲ್ಲಿತ್ತು. ನನ್ನ ಬಿಯರ್ ಕುಡಿಯೋ ಹಾಗಿರಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಒಂದೇ ವಾಸನೆ. ಮಂಡಿ ತರಚಿದಾಗ ಕಾಂಪೌಂಡರ್ ಹಚ್ಚುವ ಬ್ಯಾಂಡೇಜು ಇರುತ್ತಲ್ಲ, ಅದನ್ನು ಬಿಚ್ಚಿದಾಗ ಬರುವ ಆಸ್ಪತ್ರೆ ವಾಸನೆ. ಪಾತ್ರೆ ತೊಳೆದದ್ದು ಸಾಲದು ಅಂದುಕೊಂಡೆ. ಮತ್ತೆ ತೊಳೆದೆ. ಯೀಸ್ಟ್ ಬದಲಿಸಿದೆ. ಪತ್ರಿಕೆಯ ಹಳೆ ಸಂಚಿಕೆಗಳನ್ನೆಲ್ಲ ತಿರುವಿದೆ. ಉತ್ತರ ಅಲ್ಲೇ ಎಲ್ಲೋ ಇದ್ದಿರಬೇಕು. ಆದರೆ ರೋಗದ ಹೆಸರೇ ಗೊತ್ತಿಲ್ಲದವನು ಔಷಧಿ ಹುಡುಕುವುದು ಹೇಗೆ?

ಮಾಲ್ಟ್ ಅಂಗಡಿಯವನು ನಮ್ಮ ಬಡಾವಣೆಯ ಕ್ಲಬ್‌ಗೆ ಹೋಗು ಅಂದ. ಇದು ರಾಷ್ಟ್ರೀಯ ಸಂಘ ಅಲ್ಲ, ಊರಿನ ಹತ್ತಿಪ್ಪತ್ತು ಜನ ತಿಂಗಳಿಗೊಮ್ಮೆ ಯಾರದೋ ಗ್ಯಾರೇಜಿನಲ್ಲಿ ಸೇರುವ ಗುಂಪು. ಚಂದಾ ವರ್ಷಕ್ಕೆ 20 ಡಾಲರ್. ಎರಡು ಬಾಟಲಿ ಕಂಕುಳಲ್ಲಿ ಇಟ್ಟುಕೊಂಡು ಹೋದೆ, ಮೊದಲ ಸಲ ಸಂಗೀತ ಪರೀಕ್ಷೆಗೆ ಹೋಗುವ ಹುಡುಗನ ಹಾಗೆ. ಎಪ್ಪತ್ತು ದಾಟಿದ ಒಬ್ಬ ಅಜ್ಜ ಗ್ಲಾಸಿಗೆ ಸುರಿದುಕೊಂಡರು. ಕುಡಿಯಲೂ ಇಲ್ಲ. ಮೂಗಿನ ಹತ್ತಿರ ಹಿಡಿದು, ಕೆಳಗಿಟ್ಟು, "ನಲ್ಲಿ ನೀರಾ?" ಅಂದರು.

ನಲ್ಲಿ ನೀರೇ. ನಮ್ಮ ಕಡೆ ನೀರಿಗೆ ಹಾಕುವುದು ಬರೀ ಕ್ಲೋರಿನ್ ಅಲ್ಲ, ಕ್ಲೋರಮೈನ್. ಕುದಿಸಿದರೂ ಸುಲಭಕ್ಕೆ ಹೋಗುವುದಿಲ್ಲ. ಮಾಲ್ಟಿನ ಅಂಶದ ಜೊತೆ ಸೇರಿದರೆ ಈ ಬ್ಯಾಂಡೇಜ್ ವಾಸನೆ. ಅಜ್ಜ ಜೇಬಿನಿಂದ ಒಂದು ಡಬ್ಬಿ ತೆಗೆದು ನಾಲ್ಕು ಬಿಳಿ ಮಾತ್ರೆ ಕೊಟ್ಟರು. ಕ್ಯಾಂಪ್ಡನ್ ಮಾತ್ರೆ ಅಂತಾರೆ. 19 ಲೀಟರಿಗೆ ಕಾಲು ಮಾತ್ರೆ ಪುಡಿಮಾಡಿ ಹಾಕಿದರೆ ಸಾಕು. ಮುಂದಿನ ಸಲ ಹಾಕಿದೆ. ವಾಸನೆ ಮಾಯ. ಮೂರು ತಿಂಗಳ ಗೋಳಿಗೆ ಕಾಲು ಮಾತ್ರೆ!

ಹಾಗಾಗಿ ಹೊಸಬರು ಯಾರಾದರೂ ಕೇಳಿದರೆ ಮೊದಲು ಊರಿನ ಕ್ಲಬ್‌ಗೆ ಹೋಗಿ ಅಂತಲೇ ಹೇಳುತ್ತೇನೆ. ಮೂಗು ಪತ್ರಿಕೆಯಲ್ಲಿ ಬರಲ್ಲ.

ಪತ್ರಿಕೆ ಕೆಲಸಕ್ಕೆ ಬರಲಿಲ್ಲ ಅಂತಲ್ಲ. ಡೆನ್ವರ್ ಸಮುದ್ರಮಟ್ಟದಿಂದ 1609 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಬಂದ ಹೊಸತರಲ್ಲಿ ಪಾತ್ರೆಯಲ್ಲಿಟ್ಟ ಬೇಳೆ ಎಷ್ಟು ಹೊತ್ತಾದರೂ ಬೇಯದೆ, ಊರಿಂದ ಕುಕ್ಕರ್ ತರಿಸಿಕೊಂಡಿದ್ದೆವು. ಹಾಪ್ಸ್‌ಗೂ ಅದೇ ಕಥೆ, ಕಹಿ ಪೂರ್ತಿ ಬಿಡುವುದಿಲ್ಲ. ಬೇರೆ ಕಡೆಯವರು ಬರೆದ ಅಳತೆಗಿಂತ ಒಂದು ಚೂರು ಜಾಸ್ತಿ ಹಾಕಬೇಕು. ಇದು ನನಗೆ ತಿಳಿದದ್ದು ಆ ಪತ್ರಿಕೆಯಿಂದ.

ಆಮೇಲೆ ರಾಗಿ ಹುಚ್ಚು ಹಿಡಿಯಿತು. ಕುಣಿಗಲ್ ಕಡೆಯವನು, ಹಿಡಿಯದೆ ಇರುತ್ತದಾ? ಇಂಡಿಯನ್ ಅಂಗಡಿಯಿಂದ ರಾಗಿ ತಂದು, ಮೊಳಕೆ ಕಟ್ಟಿ, ಒಣಗಿಸಿ, ಒಂದು ಕಿಲೋ ಮಾಲ್ಟ್ ಮಾಡಿದೆ. ಬಾರ್ಲಿ ಒಡೆಯುವ ಗಿರಣಿಯಲ್ಲಿ ರಾಗಿ ಹಾಗೇ ಜಾರಿ ಕೆಳಗೆ ಬಿತ್ತು. ಮಿಕ್ಸಿಗೆ ಹಾಕಿದೆ. ತಪ್ಪಾಗಿದ್ದು ಅಲ್ಲೇ. ಹಿಟ್ಟಾದ ರಾಗಿ ಬಿಸಿನೀರಿಗೆ ಬಿದ್ದದ್ದೇ ತಡ, ನಲ್ಲಿ ತಿರುಗಿಸಿದರೆ ಒಂದು ತೊಟ್ಟು ಇಳಿಯಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಅಂಬಲಿ! ಇನ್ನೊಂದು ಹದಿನೈದು ನಿಮಿಷ ಬಿಟ್ಟಿದ್ದರೆ ಮುದ್ದೆ ಕಟ್ಟಬಹುದಿತ್ತು. ಕ್ಲಬ್ಬಿನವರು ಬಿದ್ದು ಬಿದ್ದು ನಕ್ಕು, ಭತ್ತದ ಹೊಟ್ಟು ಬೆರೆಸು, ಸೋಸಲು ಸಂದಿ ಸಿಗುತ್ತೆ ಅಂದರು. ಊರಲ್ಲಿ ಇಟ್ಟಿಗೆ ಗೂಡಿಗೆ ಸುರಿಯುವ ಹೊಟ್ಟನ್ನು ಇಲ್ಲಿ ಪೌಂಡಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದೆ.

ಎರಡನೇ ಸಲ ಬಂತು. ಇಲ್ಲಿನ ಊರಿನ ಬಿಯರ್ ಸ್ಪರ್ಧೆಗೆ ಕಳಿಸಿದೆ. ಪ್ರವೇಶಕ್ಕೆ 10 ಡಾಲರ್. ಸಂಘದ ಸದಸ್ಯನಾಗಿರಬೇಕು ಅಂತೇನಿರಲಿಲ್ಲ. ತೀರ್ಪುಗಾರರು 50ಕ್ಕೆ ಅಂಕ ಹಾಕುತ್ತಾರೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗಿದೆ ಅನ್ನುವುದಕ್ಕೆ 5, ಒಟ್ಟಾರೆಗೆ 10. ನನಗೆ 31 ಬಂತು. "ಮಳೆ ಬಿದ್ದ ಮಣ್ಣಿನ ವಾಸನೆ, ಒಳ್ಳೆಯ ಅರ್ಥದಲ್ಲಿ" ಅಂತ ಒಬ್ಬರು ಬರೆದಿದ್ದರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ ನಾನು ಇಷ್ಟು ಸಲ ತೆಗೆದು ನೋಡಿರಲಿಲ್ಲ.

ಅಂದಮೇಲೆ ಬಿಯರ್ ಸರಿಮಾಡಿದ್ದು ಕ್ಲಬ್, ಅಂಕ ಕೊಟ್ಟದ್ದು ಊರಿನ ಸ್ಪರ್ಧೆ. ದೊಡ್ಡ ಸಂಘದ 50 ಡಾಲರ್ ಯಾಕೆ? ಎರಡನೇ ವರ್ಷ ನಾನು ಕಟ್ಟಲಿಲ್ಲ.

ಆ ವರ್ಷ ಮೇ ತಿಂಗಳ ಮೊದಲ ಶನಿವಾರ ಎಲ್ಲರೂ ಪಾರ್ಕಿಂಗ್ ಜಾಗದಲ್ಲಿ ಒಲೆ ಹಚ್ಚಿದ್ದೆವು. ದೇಶದ ಉದ್ದಗಲಕ್ಕೂ ಅವತ್ತು ಹೀಗೆ ಒಟ್ಟಿಗೆ ಬಿಯರ್ ಮಾಡುತ್ತಾರೆ. ಕುದಿ ಬರುವುದನ್ನು ಕಾಯುತ್ತಾ ಅಜ್ಜನನ್ನು ಕೇಳಿದೆ, ನೀವು ಯಾಕೆ ಇನ್ನೂ ಚಂದಾ ಕಟ್ಟುತ್ತೀರಿ ಅಂತ. ಅವರ ಮೂಗಿಗೆ ಪತ್ರಿಕೆ ಬೇಕಿಲ್ಲ, ರಿಯಾಯಿತಿಯಂತೂ ಬೇಕೇ ಇಲ್ಲ. "ನಾನು ಹುಡುಗನಾಗಿದ್ದಾಗ ಇದು ಅಪರಾಧ" ಅಂದರು, ಸೌಟು ತಿರುಗಿಸುತ್ತಾ.

ನಿಜ. ಇಲ್ಲಿ 1920ರಲ್ಲಿ ಪಾನನಿಷೇಧ ಬಂತು, 1933ರಲ್ಲಿ ಹೋಯಿತು. ಮನೆಯಲ್ಲಿ ವೈನ್ ಮಾಡಲು ಒಪ್ಪಿಗೆ ಸಿಕ್ಕಿತು, ಬಿಯರ್‌ಗೆ ಸಿಗಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿ, 1979ರ ಫೆಬ್ರವರಿಯಿಂದ ಅದು ಜಾರಿಗೆ ಬರುವ ತನಕ ಕದ್ದುಮುಚ್ಚಿಯೇ ಮಾಡಬೇಕಿತ್ತು. ಆಮೇಲೂ ಒಂದೊಂದು ರಾಜ್ಯ ಒಪ್ಪಬೇಕಿತ್ತು. ಕೊನೆಗೆ ಒಪ್ಪಿದ್ದು ಅಲಬಾಮಾ, ಮಿಸಿಸಿಪ್ಪಿ. ಅದು 2013ರಲ್ಲಿ, ಅಂದರೆ ನಾನು ಕೆಲಸಕ್ಕೆ ಸೇರಿದ ಮೇಲೆ! ಆ ರಾಜ್ಯಗಳಲ್ಲಿ ಶಾಸಕರ ಬೆನ್ನು ಬಿದ್ದವರ ಜೊತೆ ಈ ಸಂಘವೂ ಇತ್ತು. ಈಗ ದೊಡ್ಡವರು ಇಬ್ಬರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ತನಕ ಮಾಡಬಹುದು. ಮಾರುವಂತಿಲ್ಲ. ನಾನು ಮಾಡುವುದು 50 ಗ್ಯಾಲನ್. ಕಾನೂನು ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಸುಮ್ನೆ ಬಿಟ್ಟುಕೊಡುತ್ತಿದ್ದೇನೆ.

ಊರಲ್ಲಿ ಓದುತ್ತಿರುವವರಿಗೆ ಒಂದು ಮಾತು. ಬಕೆಟ್ ಹುಡುಕಬೇಡಿ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಿದರೆ ಅಬಕಾರಿಯವರು ಬರುತ್ತಾರೆ. ಬೆಂಗಳೂರಿನಲ್ಲಿ ಅಲ್ಲೇ ಮಾಡಿ ಅಲ್ಲೇ ಕೊಡುವ ಬ್ರೂಪಬ್‌ಗಳು ಬೇಕಾದಷ್ಟಿವೆಯಲ್ಲ, ಅಲ್ಲಿ ಕುಡಿಯಿರಿ.

ಮೂರನೇ ವರ್ಷ ಮತ್ತೆ 50 ಡಾಲರ್ ಕಟ್ಟಿದೆ. ಇದರ ನಡುವೆ ಸಂಘದ ಮನೆಯೂ ಪಾಲಾಗಿದೆ. ಇಷ್ಟು ವರ್ಷ ಅದು ಸಣ್ಣ, ಸ್ವತಂತ್ರ ಬ್ರೂವರಿಗಳ ಸಂಸ್ಥೆಯಾದ ಬ್ರೂವರ್ಸ್ ಅಸೋಸಿಯೇಷನ್‌ನ ಒಳಗೇ ಇತ್ತು. 2025ರಿಂದ ಬೇರೆ ಒಲೆ. ಇನ್ನು ಮೇಲೆ ಸದಸ್ಯರ ಚಂದಾ ಮೇಲೇ ಜಾಸ್ತಿ ಭಾರ ಬೀಳುತ್ತೆ ಅಂತ ನನ್ನ ಊಹೆ. ರಿಯಾಯಿತಿಗೆ ಸೇರುವವರು ಸೇರಬೇಡಿ, ಗಿಟ್ಟಲ್ಲ. ತಿಂಗಳಿಗೊಂದು ಸಲ ಮಾಡುವವರು ಸೇರಿದರೆ ಹತ್ತಿರ ಹತ್ತಿರ ಅಸಲಾದರೂ ಬರುತ್ತದೆ.

ಹೆಂಡತಿ ಈ ಸಲ ಏನೂ ಅನ್ನಲಿಲ್ಲ. ಲೆಕ್ಕದ ಹಾಳೆಯಲ್ಲಿ ಕನ್ನಡ ಕೂಟದ ಚಂದಾ ಇರುವ ಸಾಲಿನ ಕೆಳಗೇ ಇದನ್ನೂ ಬರೆದಳು. ಕೂಟಕ್ಕೂ ನಾವು ಹೋಗುವುದು ರಾಜ್ಯೋತ್ಸವದ ಊಟಕ್ಕೆ ಮಾತ್ರ.

ಅಮ್ಮನಿಗೆ ಇದೆಲ್ಲ ಹೇಳಿಲ್ಲ. ಆದರೆ ವಿಡಿಯೋ ಕಾಲಲ್ಲಿ ಹಿಂದೆ ಬಕೆಟ್ ಕಾಣುತ್ತಿತ್ತು. "ಏನೋ ಅದು, ಬುಳುಬುಳು ಅಂತಿರೋದು?" ಅಂದರು. ರಾಗಿ ಮಾಲ್ಟ್ ಅಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮೊಳಕೆ ಎಷ್ಟು ದಿನ ಕಟ್ಟಿದ್ದೆ?"

"ಒಂದು ದಿನ."

"ಅಲ್ಲಿ ಚಳಿ ಅಲ್ವಾ, ಒಂದು ದಿನ ಎಲ್ಲಿ ಸಾಕಾಗುತ್ತೋ? ಎರಡು ದಿನ ಕಟ್ಟು. ಒಲೆ ಪಕ್ಕ ಇಡು."